ತೊಳೆಯದ ಬೋಗುಣಿ

ಫೆಬ್ರವರಿ 6, ಗುರುವಾರ
ಕೊಳದ ಶೆಡ್ಡು

ತಮ್ಮಾ,

ನಾನೂ ಚೆನ್ನಾಗಿದ್ದೇನೆ, ಪಾಚಿಯೂ ಚೆನ್ನಾಗಿದೆ. ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ, ಕೇಳಿದರೂ ನೀನು ಹೇಳುವವನಲ್ಲ. ಹೋದ ಭಾನುವಾರ ಸಿಗ್ನಲ್ ಸಿಗುವ ದಿಬ್ಬದವರೆಗೆ ಮುಕ್ಕಾಲು ಗಂಟೆ ನಡೆದುಕೊಂಡು ಹೋಗಿ ಫೋನ್ ಮಾಡಿದರೆ, 'ಹೂಂ', 'ಹೂಂ', 'ಸರಿ ಅಕ್ಕ' ಅಂತ ಮೂರು ಮಾತಾಡಿ ಇಟ್ಟುಬಿಟ್ಟೆ. ನನಗಲ್ಲದಿದ್ದರೂ ನನ್ನ ಕಾಲಿಗಾದರೂ ಮರ್ಯಾದೆ ಬೇಡವೇನೋ? ಇನ್ನು ಮೇಲೆ ಕಾಗದ ಬರೆಯುತ್ತೇನೆ. ಗುರುವಾರ ಗುರುವಾರ ವ್ಯಾನು ಬಂದು ಐಸ್ ಪೆಟ್ಟಿಗೆ ಒಯ್ಯುತ್ತದೆ. ಅದರಲ್ಲಿ ಪಾಚಿಗೆ ಜಾಗ ಇದ್ದರೆ ನನ್ನ ಎರಡು ಹಾಳೆಗೂ ಇದ್ದೇ ಇರುತ್ತದೆ.

ನೀನು ಹೇಳಿಕೊಟ್ಟ ಹಾಗೇ ಮಾಡಿದ್ದೇನೆ. ನಾಲ್ಕನೇ ಕೊಳದ ನೀರು ಅರ್ಧ ಲೀಟರ್ ಅಳೆದು, ಆಲಿಕೆಯಲ್ಲಿ ನಿನ್ನ ನಂಬರು ಹಾಕಿದ ಬಿಳಿ ಕಾಗದ ಇಟ್ಟು, ಕೈಪಂಪು ಒತ್ತಿ ಸೋಸಿದೆ. ನೀರು ಕೆಳಗೆ ಬೋಗುಣಿಗೆ ಇಳಿಯಿತು, ಪಾಚಿ ಕಾಗದದ ಮೇಲೆ ಕೂತಿತು. ಆಮೇಲೆ ನೀನು ಕಳಿಸಿದ ಕ್ಯಾನಿನ ನೀರಿನಿಂದ ಎರಡು ಸಲ ತೊಳೆದೆ. ಅಬ್ಬಾ, ಅದೇನು ವಾಸನೆಯೋ! ಮೂಗು ಕಿತ್ತುಹೋಯಿತು. ತೊಳೆಯುವ ನೀರನ್ನೇ ಮೊದಲು ತೊಳೆಯಬೇಕು ಅನ್ನಿಸಿತು.

ಕೊಳ ನೋಡಲು ನೀನು ಬರಬೇಕಿತ್ತು. ಹಸಿರು ಹೋಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದೆ. ಇಪ್ಪತ್ತೆರಡು ವರ್ಷ ಉಪ್ಪಿನ ಗದ್ದೆಯಲ್ಲಿ ಉಪ್ಪು ಕೆರೆದವಳು ನಾನು. ಬಿಸಿಲಿಗೆ ಉಪ್ಪುನೀರು ಗಟ್ಟಿಯಾದಂತೆಲ್ಲ ಕೆಂಪಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ನಿಮ್ಮ ಲ್ಯಾಬಿನ ಮೇಡಂಗೆ ಹೇಳಿದ್ದು: 'ಈ ಕೊಳಕ್ಕೆ ಗೊಬ್ಬರ ನಿಲ್ಲಿಸಿ, ನೀರು ಆರೋಕೆ ಬಿಡಿ. ಹೊಟ್ಟೆಗೆ ಕಮ್ಮಿಯಾದರೆ ಪಾಚಿ ಎಣ್ಣೆ ಕೂಡಿಟ್ಟುಕೊಳ್ಳುತ್ತೆ.' ಅವರು ನಗಲಿಲ್ಲ. ಒಂದು ಕೊಳವನ್ನೇ ನನ್ನ ಕೈಗೆ ಕೊಟ್ಟರು. ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು ಕಣೋ. ಮಾರ್ಚ್ ಕೊನೆಯೊಳಗೆ ಎಣ್ಣೆ ಇದೆ ಎಂದು ತೋರಿಸದಿದ್ದರೆ ಕೊಳ ಮುಚ್ಚಿಸುತ್ತಾರೆ, ನಾನು ಮತ್ತೆ ಉಪ್ಪು ಕೆರೆಯಲು ಹೋಗಬೇಕು. ಐವತ್ತಮೂರರಲ್ಲಿ ಆ ಗುದ್ದಲಿ ನನ್ನ ಕೈಗೆ ಒಗ್ಗುವುದಿಲ್ಲ.

ಅಕ್ಕ

ಫೆಬ್ರವರಿ 11

ಪ್ರೀತಿಯ ಅಕ್ಕ,

ಬಯ್ಯಿಸಿಕೊಳ್ಳುವ ಮೊದಲೇ ಬರೆದುಬಿಡುತ್ತೇನೆ: ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ, ಎಡಗಾಲಿನ ಚಪ್ಪಲಿ ಹರಿದಿದೆ. ಇನ್ನೇನೂ ವಿಶೇಷವಿಲ್ಲ.

ನೀನು ಪಾಚಿ ಸೋಸಿದ ಕಾಗದಗಳು ನೀಟಾಗಿ ಬಂದವು. ಇಲ್ಲಿ ಏನು ಮಾಡುತ್ತೇನೆ ಎಂದು ಒಮ್ಮೆ ಹೇಳಿಬಿಡುತ್ತೇನೆ, ಮತ್ತೆ ಮತ್ತೆ ಕೇಳಬೇಡ. ಮೊದಲು ಕಾಗದವನ್ನು ಓವನ್ನಿನಲ್ಲಿ ಒಣಗಿಸಿ ತೂಗುತ್ತೇನೆ. ಖಾಲಿ ಕಾಗದದ ತೂಕ ಕಳೆದರೆ ಉಳಿದದ್ದು ಒಣ ಪಾಚಿ. ನಮ್ಮ ತಕ್ಕಡಿ ಎಷ್ಟು ಸೂಕ್ಷ್ಮ ಎಂದರೆ ಬೆರಳಿನ ಬೆವರು ತಾಗಿದರೂ ತೂಕ ಏರುತ್ತದೆ. ಅದಕ್ಕೇ ಎಲ್ಲವನ್ನೂ ಚಿಮುಟದಲ್ಲೇ ಹಿಡಿಯುವುದು, ಫ್ಯಾನ್ ಆರಿಸಿ ಬೆವರುತ್ತಾ ಕೂರುವುದು. ಆಮೇಲೆ ಪಾಚಿಯನ್ನು ಕ್ಲೋರೋಫಾರ್ಮ್ ಮತ್ತು ಮೆಥನಾಲ್‌ನಲ್ಲಿ ಅರೆದು, ನೀರು ಸೇರಿಸಿ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಎರಡು ಪದರಗಳಾಗುತ್ತವೆ. ಎಣ್ಣೆಯೆಲ್ಲ ಕೆಳಗಿನ ಪದರದಲ್ಲಿ ಕರಗಿರುತ್ತದೆ. ಅದನ್ನು ಪುಟ್ಟ ಶೀಸೆಗೆ ಬಸಿದುಕೊಂಡು, ದ್ರವ ಆರಿಸಿ, ಉಳಿದ ಎಣ್ಣೆಯನ್ನು ತೂಗುತ್ತೇನೆ. ನೂರು ಭಾಗ ಒಣ ಪಾಚಿಯಲ್ಲಿ ಎಷ್ಟು ಭಾಗ ಎಣ್ಣೆ, ಇಷ್ಟೇ ಲೆಕ್ಕ.

ನಿನ್ನ ಕೊಳದ್ದು ಇಪ್ಪತ್ತೇಳು. ಮೇಡಂ ಕೇಳಿರುವುದು ಇಪ್ಪತ್ತೈದು. ಮಾರ್ಚ್ ಕೊನೆಯವರೆಗೂ ಹೀಗೇ ನಿಂತರೆ ಕೊಳ ಉಳಿಯುತ್ತದೆ. ಬೀಗಬೇಡ, ಇದು ಒಂದು ವಾರದ ಅಂಕಿ ಅಷ್ಟೆ.

ಆ ಕ್ಯಾನನ್ನು ನೆರಳಿನಲ್ಲಿಡು. ವಾಸನೆ ಬಂದರೂ ಅದರಲ್ಲೇ ತೊಳೆಯಬೇಕು. ಐದು ಲೀಟರ್ ಇದೆ, ಮೂರು ತಿಂಗಳಿಗೆ ಸಾಕು. ನಾನೇ ಕೈಯಾರೆ ತಯಾರಿಸಿದ್ದು.

ನಿನ್ನ ತಮ್ಮ

ಫೆಬ್ರವರಿ 20, ಗುರುವಾರ

ತಮ್ಮಾ,

ಇಪ್ಪತ್ತೇಳು! ನೀನು ಬೀಗಬೇಡ ಎಂದಮೇಲೂ ಬೀಗಿದೆ. ವ್ಯಾನಿನವನಿಗೂ ಹೇಳಿದೆ. ಅವನು, 'ಏನಕ್ಕಾ, ಪರೀಕ್ಷೇಲಿ ಪಾಸಾದೋರ ಥರ ಆಡ್ತೀರಿ' ಅಂದ. ಪಾಸಾಗಿದ್ದೇನಲ್ಲ ಮತ್ತೆ! ನೀನು ಶಾಲೆಗೆ ಹೋಗುವಾಗ ನಾನು ಗದ್ದೆಗೆ ಹೋದವಳು. ನನಗೂ ಒಂದು ನಂಬರು ಬಂತಲ್ಲ ಅಂತ ಹೊಟ್ಟೆ ತಣ್ಣಗಾಯಿತು.

ನಿನ್ನ ಲ್ಯಾಬಿನ ಕಥೆ ಓದಿ ನಗು ಬಂತು. ಊರಿಗೆಲ್ಲ ಎಣ್ಣೆ ಮೇಲೆ ತೇಲಿದರೆ ನಿನ್ನ ಲ್ಯಾಬಿನಲ್ಲಿ ಕೆಳಗೆ ಇಳಿಯುತ್ತದಂತೆ. ನೀನೂ ಚಿಕ್ಕಂದಿನಿಂದ ಹಾಗೇ, ಎಲ್ಲರೂ ಹೋಗುವ ಕಡೆ ಹೋದವನಲ್ಲ.

ಕೊಳ ಚೆನ್ನಾಗಿದೆ, ಸೋಸುವುದು ಚೆನ್ನಾಗಿ ನಡೆದಿದೆ, ಎಲ್ಲವೂ ಸರಿಯಾಗಿದೆ. ಈಗ ಮೊದಲಿಗಿಂತ ಶುದ್ಧವಾಗಿ ತೊಳೆದು ಕಳಿಸುತ್ತಿದ್ದೇನೆ, ಎರಡು ಸಲದ ಬದಲು ಮೂರು ಸಲ. ನನ್ನ ಮನೆಯಿಂದ ಕೊಳಕಾದದ್ದು ಯಾವುದೂ ಆಚೆ ಹೋಗಿಲ್ಲ, ನಿನಗೇ ಗೊತ್ತಲ್ಲ. ಅಮ್ಮ ಹೋದಮೇಲೆ ನಿನ್ನನ್ನು ಒಂದು ದಿನವಾದರೂ ಕಿವಿ ಹಿಂದೆ ಉಜ್ಜದೆ ಶಾಲೆಗೆ ಕಳಿಸಿದ್ದೇನೆಯೇ? ಯಾರೂ ನೋಡದ ಕಡೆ ತೊಳೆದರೇನೇ ತೊಳೆದ ಹಾಗೆ.

ಮೈಯೆಲ್ಲ ಸ್ವಲ್ಪ ತುರಿಕೆ. ಬಿಸಿಲಿನದು. ತಲೆ ಕೆಡಿಸಿಕೊಳ್ಳಬೇಡ.

ಅಕ್ಕ

ಫೆಬ್ರವರಿ 25

ಅಕ್ಕ,

ತುರಿಕೆಗೆ ಮುಲಾಮು ಕಳಿಸಿದ್ದೇನೆ. ದಿನಕ್ಕೆ ಎರಡು ಸಲ ಹಚ್ಚು. ಬಿಸಿಲಿನಲ್ಲಿ ತಲೆಗೆ ಬಟ್ಟೆಯಿಲ್ಲದೆ ಓಡಾಡಬೇಡ.

ಈ ವಾರದ ಅಂಕಿ ಹತ್ತೊಂಬತ್ತು. ನನ್ನದೇ ಎಡವಟ್ಟಿರಬಹುದೆಂದು ಇನ್ನೆರಡು ಕಾಗದಗಳನ್ನೂ ಮಾಡಿದೆ. ಹತ್ತೊಂಬತ್ತೇ. ಒಣ ತೂಕವೂ ಮೊದಲಿಗಿಂತ ಕಡಿಮೆ. ಬಿಸಿಲಿಗೆ ಪಾಚಿ ಸೊರಗುತ್ತಿದೆಯೇ ಎಂಬ ಅನುಮಾನ. ಮಧ್ಯಾಹ್ನ ನೀರು ಎಷ್ಟು ಬಿಸಿಯಿರುತ್ತದೆ, ದಿನವೂ ಅಳೆದು ಬರೆ. ಬಣ್ಣ ಹೇಗಿದೆ? ವಾಸನೆ ಬದಲಾಗಿದೆಯೇ?

ಗಾಬರಿಯಾಗಬೇಡ. ಇನ್ನೂ ಐದು ವಾರ ಇದೆ.

ತಮ್ಮ

ಮಾರ್ಚ್ 6, ಗುರುವಾರ

ತಮ್ಮಾ,

ನೀರಿನ ಬಿಸಿ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚೇನೂ ಇಲ್ಲ. ಕಳೆದ ವಾರ ಕಾಗದ ಬರೆಯಲಿಲ್ಲ, ಕೈ ಬರಲಿಲ್ಲ. ಈಗ ವ್ಯಾನಿನವನ ಕೈಲಿ ನೀನು ಹೇಳಿಕಳಿಸಿದ್ದೀಯ, ಹೋದ ವಾರದ್ದು ಹದಿನೇಳಂತೆ.

ಬಣ್ಣ ಹೇಗಿದೆ ಎಂದು ಕೇಳಿದ್ದೆಯಲ್ಲ. ನನ್ನ ಜನ್ಮದಲ್ಲಿ ಇಂಥ ಬಣ್ಣ ಕಂಡಿಲ್ಲ. ಬೆಳಗಿನ ಹೊತ್ತು ದಂಡೆಯ ಮೇಲೆ ನಿಂತರೆ ಕೊಳ ಪೂರ್ತಿ ಕಿತ್ತಳೆ. ಕೈ ಅದ್ದಿದರೆ ಉಗುರಿನ ಸಂದಿ ಹಳದಿ. ಇಂಥ ಪಾಚಿ ಸೊರಗಿದೆ ಎಂದು ನಿನ್ನ ತಕ್ಕಡಿ ಹೇಳುತ್ತದೆ. ಇಪ್ಪತ್ತೆರಡು ವರ್ಷ ನೀರು ನೋಡಿದ ನನ್ನ ಕಣ್ಣು ಬೇರೆಯೇ ಹೇಳುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಕೊಳ ಕಾದಿದ್ದೇನೆ ಕಣೋ. ನನ್ನ ಕಣ್ಣಿನ ಎಣ್ಣೆಯನ್ನಾದರೂ ಲೆಕ್ಕಕ್ಕೆ ಹಿಡಿಯಲಿ ನಿಮ್ಮ ತಕ್ಕಡಿ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನೇ ತೂಗುವವನು, ನೀನೇ ಬರೆಯುವವನು. ನಾಲ್ಕಾರು ಅಂಕಿ ಅತ್ತ ಇತ್ತ ಆದರೆ ಯಾರ ಗಂಟೇನು ಹೋಗುತ್ತದೆ? ಕೊಳದಲ್ಲಿ ಎಣ್ಣೆ ಇರುವುದಂತೂ ನಿಜ. ಸ್ವಲ್ಪ ನಮ್ಮ ಕಡೆ ನೋಡಿ ಬರೆ.

ಅಕ್ಕ

ಮಾರ್ಚ್ 11

ಅಕ್ಕ,

ಅಂಕಿ: 16.4.

ನೀನು ಕೇಳಿದ್ದು ಆಗುವ ಮಾತಲ್ಲ. ನಾನು ತೂಗುವುದು ಕೊಳವನ್ನು, ನಿನ್ನನ್ನಲ್ಲ. ಇಲ್ಲದ ಎಣ್ಣೆಯನ್ನು ಹಾಳೆಯ ಮೇಲೆ ತೋರಿಸಿದರೆ ನಾಳೆ ದೊಡ್ಡ ಪೀಪಾಯಿಗಳಲ್ಲಿ ಹಿಂಡಲು ಹೋದವರ ಕೈಗೆ ಬರಿ ನೀರು ಸಿಗುತ್ತದೆ. ಆಗ ನನ್ನ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ, ಮೊದಲಿನ ಇಪ್ಪತ್ತೇಳನ್ನೂ ಸೇರಿಸಿ. ಈ ಕೆಲಸದಲ್ಲಿ ನನ್ನ ಹತ್ತಿರ ಇರುವುದು ಅದೊಂದೇ.

ಇಂಥ ಮಾತು ನಿನ್ನಿಂದ ಬರುತ್ತದೆ ಎಂದುಕೊಂಡಿರಲಿಲ್ಲ.

ತಮ್ಮ

ಮಾರ್ಚ್ 13

ಪ್ರಯೋಗಾಲಯದ ಸಾಹೇಬರಿಗೆ,

31ರಿಂದ 36ರವರೆಗಿನ ಕಾಗದ ಇಟ್ಟಿದ್ದೇನೆ. ಚೆನ್ನಾಗಿ ತೊಳೆದಿದೆ.

ಕೊಳ ಕಾಯುವವಳು

ಮಾರ್ಚ್ 25

ಅಕ್ಕ,

ಹೋದ ಗುರುವಾರದ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಪೆಟ್ಟಿಗೆಯ ತಳದ ಐಸ್ ಎಲ್ಲ ತೆಗೆದು ಹುಡುಕಿದೆ. ಪಕ್ಕದ ಮೇಜಿನವಳು, 'ಏನು ಕಳ್ಕೊಂಡ್ರಿ?' ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ವರದಿಯನ್ನು ನಿನ್ನೆ ಮೇಡಂ ಕೈಗೆ ಕೊಟ್ಟೆ. ಐದು ವಾರದ ಸರಾಸರಿ ಹದಿನೇಳು. ಏಪ್ರಿಲ್ ಏಳಕ್ಕೆ ನಾಲ್ಕನೇ ಕೊಳ ಖಾಲಿ ಮಾಡಿಸುತ್ತಾರೆ. ಕೊಡುವ ಮುಂಚೆ ನಾಲ್ಕು ಸಲ ಓದಿದೆ, ಐದನೆಯ ಸಲ ಓದಲಾಗಲಿಲ್ಲ.

ಮಾರ್ಚ್ ಹನ್ನೊಂದರ ಕಾಗದದ ಕೊನೆಯ ಸಾಲನ್ನು ಬರೆಯಬಾರದಿತ್ತು. ಉಳಿದದ್ದನ್ನು ಈಗಲೂ ಹಾಗೇ ಬರೆಯುತ್ತೇನೆ, ಆ ಸಾಲನ್ನು ಮಾತ್ರ ಬರೆಯುವುದಿಲ್ಲ. ನೀನು ನನ್ನ ಹತ್ತಿರ ಬಂದುಬಿಡು. ಕೋಣೆ ಚಿಕ್ಕದು, ಆದರೆ ಕಿಟಕಿ ಇದೆ.

ತಮ್ಮ

ಮಾರ್ಚ್ 27, ಗುರುವಾರ

ನನ್ನ ತಮ್ಮಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಮುಖ ತೊಳೆದು ಸಾಮಾನು ಕಟ್ಟಲು ಕೂತೆ. ವ್ಯಾನಿನವನು ಟೈರು ಬದಲಿಸುತ್ತಿದ್ದಾನೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ.

ತಪ್ಪು ಕೇಳಿದ್ದು ನಾನೇ. ಹೊಟ್ಟೆಗೆ ಹಾಕಿಕೊ. 'ಸುಳ್ಳು ಹೇಳಿದ್ರೆ ನಾಲಿಗೆ ಮೇಲೆ ಬರೆ ಎಳೀತೀನಿ' ಅಂತ ನಿನ್ನನ್ನು ಗದರಿಸಿ ಬೆಳೆಸಿದವಳು ನಾನು. ಅದನ್ನೇ ನೀನು ಕಲಿತು ನನಗೇ ಹೇಳಿದಾಗ ಮುಖ ಊದಿಸಿಕೊಂಡು ಕೂತೆ. ನಿನ್ನ ಮೇಲೆ ಬಂದ ಕೋಪವಲ್ಲ, ನಾಚಿಕೆ.

ಹೇಗೂ ಹೋಗುವವಳು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಕ್ಯಾನು ಫೆಬ್ರವರಿಯಲ್ಲೇ ಹೋಯಿತು. ಶೆಡ್ಡಿನ ನೆಲ ತೊಳೆಯಲು ಅದನ್ನು ಆಚೆ ಮೆಟ್ಟಿಲ ಮೇಲಿಟ್ಟು ಮರೆತೆ. ಮಧ್ಯಾಹ್ನದ ಬಿಸಿಲಿಗೆ ಢಮ್ ಅಂತ ಮುಚ್ಚಳ ಹಾರಿ, ಕ್ಯಾನು ಉರುಳಿ, ಎಲ್ಲ ಮಣ್ಣುಪಾಲಾಯಿತು. ನೆರಳಿನಲ್ಲಿಡು ಅಂತ ಬರೆದಿದ್ದೆ, ಕೈಯಾರೆ ಮಾಡಿದ್ದು ಅಂತ ಬೇರೆ ಬರೆದಿದ್ದೆ. ಒಂದು ಕ್ಯಾನು ಕಾಯಲಾಗದವಳು ಕೊಳ ಏನು ಕಾಯುತ್ತಾಳೆ ಅಂದಾರು ಅಂತ ಬಾಯಿ ಮುಚ್ಚಿಕೊಂಡೆ. ಆದರೆ ಕೊಳಕು ನೀರಿನಲ್ಲಿ ತೊಳೆದೆ ಅಂತ ತಿಳಿಯಬೇಡ. ವಾರಕ್ಕೆ ಎರಡು ಕ್ಯಾನು ಕುಡಿಯುವ ಸಿಹಿನೀರು ಬರುತ್ತದಲ್ಲ, ಅದರಲ್ಲೇ ತೊಳೆದೆ. ಕಾಗದದಲ್ಲಿ ಒಂದು ಹರಳು ಉಪ್ಪೂ ಉಳಿಯಬಾರದು ಅಂತ ಧಾರಾಳವಾಗಿ ಸುರಿದೆ. ನನಗೆ ಸ್ನಾನಕ್ಕೆ ಕೊಳದ ಉಪ್ಪುನೀರು ಸಾಕಾಯಿತು. ತುರಿಕೆ ಅದರದು, ನಿನ್ನ ಮುಲಾಮಿನ ತಪ್ಪಿಲ್ಲ.

ಈಗ ಸಾಮಾನು ಕಟ್ಟಲು ಹೋದರೆ ಆ ಬೋಗುಣಿಯೊಂದು ಪ್ರಾಣ ತಿನ್ನುತ್ತಿದೆ. ಸೋಸಿದ ನೀರು ಬೀಳುತ್ತಿತ್ತಲ್ಲ, ಸ್ಟೀಲಿನದು. ಸುತ್ತಲೂ ಹಳದಿ ಜಿಡ್ಡು ಹಿಡಿದು ಕೂತಿದೆ. ಸೋಪು ಹಾಕಿ ಅರ್ಧ ಉಜ್ಜಿದೆ, ಕೈ ಜಾರುತ್ತದೆ, ಜಿಡ್ಡು ಬಿಡುವುದಿಲ್ಲ. ಮೊದಲ ವಾರ ನಿನ್ನ ನಾತದ ನೀರು ಹಾಕಿದಾಗ ಹೀಗೆ ಆಗಿರಲಿಲ್ಲ. ನಾಳೆ ಬೂದಿ ಹಾಕಿ ಉಜ್ಜುತ್ತೇನೆ. ಹೋಗದಿದ್ದರೆ ಇಲ್ಲೇ ಎಸೆದು ಬರುತ್ತೇನೆ.

ಕಿಟಕಿ ಇದೆ ಅಂದೆಯಲ್ಲ, ಸಾಕು.

ಅಕ್ಕ

ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ

ಅಕ್ಕ,

ಬೋಗುಣಿ ತೊಳೆಯಬೇಡ. ಬೂದಿ ಮುಟ್ಟಬೇಡ. ಎಸೆಯಬೇಡ. ಈ ಕಾಗದ ಕೈಗೆ ಬರುವಷ್ಟರಲ್ಲಿ ಉಜ್ಜಿಬಿಟ್ಟಿದ್ದರೆ ಏನು ಮಾಡಲಿ ದೇವರೇ!

ವ್ಯಾನಿನವನ ಕೈಕಾಲು ಹಿಡಿದು ಇವತ್ತೇ ವಾಪಸು ಕಳಿಸುತ್ತಿದ್ದೇನೆ. ಅವನಿಗೆ ಒಂದು ಲೋಟ ಏನಾದರೂ ಕುಡಿಯಲು ಕೊಡು.

ಕೇಳು. ನಿನ್ನ ಪಾಚಿ ಬದುಕುವುದು ಗಟ್ಟಿ ಉಪ್ಪುನೀರಿನಲ್ಲಿ. ಅದಕ್ಕೆ ಬೇರೆ ಪಾಚಿಗಳ ಹಾಗೆ ಗಟ್ಟಿ ಕವಚವಿಲ್ಲ, ತೆಳ್ಳನೆಯ ಪೊರೆ ಅಷ್ಟೆ. ಸಿಹಿನೀರು ತಾಗಿದರೆ ನೆನೆಸಿದ ಒಣದ್ರಾಕ್ಷಿಯ ಹಾಗೆ ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಒಡೆಯುತ್ತದೆ. ಒಡೆದರೆ ಒಳಗಿನ ಎಣ್ಣೆ ನೀರಿನ ಜೊತೆ ಕೆಳಗಿಳಿಯುತ್ತದೆ, ಸಿಪ್ಪೆ ಮಾತ್ರ ನನ್ನ ಕಾಗದದ ಮೇಲೆ ಉಳಿಯುತ್ತದೆ. ಐದು ವಾರ ನಾನು ಸಿಪ್ಪೆ ತೂಗಿದೆ ಅಕ್ಕ. ಎಣ್ಣೆ ನಿನ್ನ ಬೋಗುಣಿಯಲ್ಲಿದೆ.

ಆ ನಾತದ ನೀರಿನಲ್ಲಿ ಇದ್ದದ್ದೂ ಒಂದು ಬಗೆಯ ಉಪ್ಪೇ. ಆ ನೀರು ಕೊಳದ ನೀರಿನಷ್ಟೇ ಗಟ್ಟಿಯಾಗಿರುತ್ತದೆ, ಹಾಗಾಗಿ ಪಾಚಿ ಒಡೆಯುವುದಿಲ್ಲ. ಒಣಗಿಸಿದರೆ ಪೂರ್ತಿ ಹಾರಿಹೋಗುತ್ತದೆ, ಹಾಗಾಗಿ ತೂಕಕ್ಕೆ ಸೇರುವುದಿಲ್ಲ. ಬಿಸಿಲಿಗೆ ಗಾಳಿಯಾಗಿ ಉಬ್ಬಿ ಮುಚ್ಚಳ ಹಾರಿಸುವುದೂ ಅದೇ ಗುಣ. ಇದನ್ನೆಲ್ಲ ಮೊದಲ ದಿನವೇ ನಿನಗೆ ಹೇಳಬೇಕಿತ್ತು. 'ಅದರಲ್ಲೇ ತೊಳೆ' ಎಂದೆ, ಯಾಕೆಂದು ಹೇಳಲಿಲ್ಲ. ಹೇಳಿದರೆ ನಿನಗೆ ತಿಳಿಯುವುದಿಲ್ಲ ಎಂದುಕೊಂಡೆನೋ ಏನೋ. ಉಪ್ಪಿನ ವಿಷಯವನ್ನು ನಿನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಯಾರಿದ್ದಾರೆ? ನನ್ನ ಬುದ್ಧಿಗಿಷ್ಟು.

ಈಗ ಹೀಗೆ ಮಾಡು. ಹನ್ನೆರಡು ಕಾಗದ ಕಳಿಸಿದ್ದೇನೆ. ಆರನ್ನು ಸಿಹಿನೀರಿನಲ್ಲಿ ತೊಳೆ, ಆರನ್ನು ಈ ಹೊಸ ಕ್ಯಾನಿನ ನೀರಿನಲ್ಲಿ. ಎರಡಕ್ಕೂ ಒಂದೇ ಬಕೆಟ್ಟಿನ ಕೊಳದ ನೀರು ಇರಲಿ. ಒಂದು ಬಾಟಲಿ ಜೀವಂತ ಪಾಚಿ ಕಳಿಸು. ಬೋಗುಣಿಯನ್ನು ಹೇಗಿದೆಯೋ ಹಾಗೇ ಕಳಿಸು.

ವ್ಯಾನಿನಲ್ಲಿ ನಾಲ್ಕು ಕ್ಯಾನು ಸಿಹಿನೀರು ಇದೆ. ಅದು ನಿನಗೆ. ಕುಡಿಯಲು, ಸ್ನಾನಕ್ಕೆ. ಕುಡಿಯುವ ನೀರನ್ನು ಕಾಗದಕ್ಕೆ ಸುರಿದು ನೀನು ಉಪ್ಪಿನಲ್ಲಿ ಮಿಂದೆಯಲ್ಲ! ಬಂದು ನಿನ್ನನ್ನು ಚೆನ್ನಾಗಿ ಬಯ್ಯಬೇಕು ಅನ್ನಿಸುತ್ತಿದೆ.

ತಮ್ಮ

ಮಾರ್ಚ್ 30

ತಮ್ಮಾ,

ಬೂದಿ ಕೈಗೆ ತೆಗೆದುಕೊಂಡಿದ್ದೆ ಕಣೋ! ಒಂದು ಹಿಡಿ ಬೂದಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ವ್ಯಾನಿನವನು ಹಾರನ್ ಬಾರಿಸುತ್ತಾ ಬಂದ. 'ಅಕ್ಕಾ, ಪಾತ್ರೆ ಮುಟ್ಟಬೇಡಿ, ಸಾಹೇಬ್ರು ಅಳೋ ಥರ ಆಗಿದ್ದಾರೆ' ಅಂತ ದೂರದಿಂದಲೇ ಕೂಗಿದ. ನನಗೆ ಏನು ತಿಳಿಯಬೇಕು? ನಿನಗೇ ಏನೋ ಆಯಿತು ಅಂತ ಓಡಿಹೋಗಿ ಅವನ ಕೈಯಿಂದ ಕಾಗದ ಕಿತ್ತುಕೊಂಡೆ. ಕಾಗದ ಓದಿದ ಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ನನ್ನ ಕೈಯಾರೆ ನನ್ನ ಕೊಳದ ಎಣ್ಣೆ ತೊಳೆದು ಚೆಲ್ಲಿದೆನಲ್ಲೋ! ಅದೂ ಮೂರು ಮೂರು ಸಲ.

ಹನ್ನೆರಡು ಕಾಗದವೂ ನೀನು ಹೇಳಿದ ಹಾಗೇ ಮಾಡಿದ್ದೇನೆ. ಯಾವುದು ಯಾವ ನೀರಿನದು ಅಂತ ಚೀಟಿ ಅಂಟಿಸಿದ್ದೇನೆ. ಸಿಹಿನೀರು ಸುರಿಯುವಾಗ ಈ ಸಲ ಬಗ್ಗಿ ನೋಡಿದೆ, ಕೆಳಗೆ ಇಳಿಯುವ ನೀರಿನಲ್ಲಿ ಹಳದಿ ಬಣ್ಣ ಇತ್ತು. ಕ್ಯಾನಿನ ನೀರು ಸುರಿದಾಗ ತಿಳಿಯಾಗೇ ಇಳಿಯಿತು. ಇಷ್ಟು ದಿನ ನೋಡಿಯೂ ನೋಡಲಿಲ್ಲ, ಕೊಳೆ ಹೋಗುತ್ತಿದೆ ಅಂದುಕೊಂಡಿದ್ದೆ.

ಬೋಗುಣಿಯನ್ನು ಬಟ್ಟೆಯಲ್ಲಿ ಕಟ್ಟಿದ್ದೇನೆ. ತೊಳೆಯದ ಪಾತ್ರೆಯನ್ನು ಮನೆಯಿಂದ ಆಚೆ ಕಳಿಸುತ್ತಿರುವುದು ಜೀವಮಾನದಲ್ಲಿ ಇದೇ ಮೊದಲು. ನಿಮ್ಮ ಮೇಡಂ ನೋಡಿದರೆ ಏನಂದುಕೊಳ್ಳುತ್ತಾರೋ! ನನ್ನ ಪಾತ್ರೆ ಅಂತ ಹೇಳಬೇಡ.

ಅಕ್ಕ

ಏಪ್ರಿಲ್ 4, ಶುಕ್ರವಾರ

ಪ್ರೀತಿಯ ಅಕ್ಕ,

ಹೇಳಿದೆ. ನಿನ್ನ ಪಾತ್ರೆ ಎಂದೇ ಹೇಳಿದೆ. ಬಟ್ಟೆ ಬಿಚ್ಚಿ ಮೇಡಂ ಮೇಜಿನ ಮೇಲೆ, ಅವರ ಕಡತಗಳ ಪಕ್ಕದಲ್ಲೇ ಇಟ್ಟೆ.

'ಏನ್ರೀ ಇದು?'

'ನಾಲ್ಕನೇ ಕೊಳದ ಎಣ್ಣೆ, ಮೇಡಂ. ನಾನು ಕೊಟ್ಟಿರೋ ವರದಿ ತಪ್ಪು.'

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಕೊಟ್ಟು ವಾರ ಆಗಿದೆಯಷ್ಟೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿರೋರು ನಿಮ್ಮ ಅಕ್ಕ ಅಂತ ಹೀಗೆ ಹೇಳ್ತಿಲ್ಲ ತಾನೇ?'

ಬೇಜಾರಾಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. 'ಹಾಗಾದ್ರೆ ನಾನು ತೂಗೋದು ಬೇಡ ಮೇಡಂ. ಪಕ್ಕದ ಮೇಜಿನವರು ತೂಗಲಿ. ಯಾವ ಕಾಗದ ಯಾವ ನೀರಿನದು ಅಂತ ಅವರಿಗೆ ಗೊತ್ತಾಗೋದೂ ಬೇಡ' ಎಂದೆ. ಮೇಡಂ ತಾವೇ ನಿನ್ನ ಚೀಟಿಗಳನ್ನು ಕಿತ್ತು, ಬೇರೆ ನಂಬರು ಬರೆದು, ಪಟ್ಟಿಯನ್ನು ಡ್ರಾಯರ್‌ನಲ್ಲಿ ಬೀಗ ಹಾಕಿಟ್ಟರು. ಮೂರು ದಿನ ನಾನು ಆ ತಕ್ಕಡಿಯ ಹತ್ತಿರ ಸುಳಿಯಲಿಲ್ಲ. ಸುಮ್ಮನೆ ಕೂರಲಾಗದೆ ಇರುವ ಶೀಸೆಗಳನ್ನೆಲ್ಲ ತೊಳೆದೆ. ಯಾರ ತಮ್ಮ ನಾನು!

ಆ ಮೂರು ದಿನದಲ್ಲೇ ಒಮ್ಮೆ ನಿನ್ನ ಜೀವಂತ ಪಾಚಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಣ್ಣೆಗೆ ಮಾತ್ರ ಅಂಟುವ ಒಂದು ಬಣ್ಣ ಇದೆ, ನೀಲಿ ಬೆಳಕು ಬಿಟ್ಟರೆ ಅದು ಹಳದಿಯಾಗಿ ಹೊಳೆಯುತ್ತದೆ. ಒಂದೊಂದು ಪಾಚಿಯ ಹೊಟ್ಟೆಯಲ್ಲೂ ಚಿನ್ನದ ಹನಿಗಳು. ಅಂಚಿನಲ್ಲಿ ಒಂದು ತೊಟ್ಟು ಸಿಹಿನೀರು ಬಿಟ್ಟೆ. ನೋಡನೋಡುತ್ತಿದ್ದಂತೆ ದುಂಡಗೆ ಉಬ್ಬಿ, ಒಂದಾದಮೇಲೊಂದು ಒಡೆದು, ಹನಿಗಳು ಆಚೆ ತೇಲಿಹೋದವು. ಮೇಡಂರನ್ನು ಕರೆದು ತೋರಿಸಿದೆ. ಅವರು ತುಂಬಾ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ.

ಇವತ್ತು ಬೆಳಿಗ್ಗೆ ಬೀಗ ತೆಗೆದು ಪಟ್ಟಿ ಹೋಲಿಸಿದರು. ಸಿಹಿನೀರಿನಲ್ಲಿ ತೊಳೆದ ಆರರ ಸರಾಸರಿ 16.8. ಕ್ಯಾನಿನ ನೀರಿನಲ್ಲಿ ತೊಳೆದ ಆರರದು 28.9.

ಇಪ್ಪತ್ತೆಂಟು ಪಾಯಿಂಟ್ ಒಂಬತ್ತು, ಅಕ್ಕ! ಪಕ್ಕದ ಮೇಜಿನವಳು ಚಪ್ಪಾಳೆ ತಟ್ಟಿದಳು. ನೀನು ಬಣ್ಣ ನೋಡಿ ಹೇಳಿದ್ದೇ ಸರಿ, ನನ್ನ ತಕ್ಕಡಿ ತಡವಾಗಿ ಅಲ್ಲಿಗೆ ಬಂತು.

ಕೊಳ ಉಳಿಯಿತು. ಹಳೆಯ ವರದಿ ವಾಪಸು ಪಡೆದೆ. ನನ್ನ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿದೆ, ಅದು ಸೇರಬೇಕಾದದ್ದೇ. ಕೆಲಸದ ಕ್ರಮವನ್ನು ಪೂರ್ತಿ ಹೊಸದಾಗಿ ಬರೆಯಬೇಕಂತೆ, ಪ್ರತಿ ಸಾಲಿನ ಪಕ್ಕದಲ್ಲೂ ಯಾಕೆ ಎಂದು ಬರೆಯಬೇಕಂತೆ. ಹೊರಡುವಾಗ ಮೇಡಂ ಕೇಳಿದರು: 'ನಿಮ್ಮ ಅಕ್ಕ ಮೂರನೇ ಕೊಳಾನೂ ನೋಡ್ಕೋತಾರಾ, ಕೇಳಿ. ಇನ್ನು ಮೇಲೆ ಅವರಿಗೆ ವಾರಕ್ಕೆ ಆರು ಕ್ಯಾನು ನೀರು ಹೋಗಬೇಕು.'

ಬೋಗುಣಿಯ ಜಿಡ್ಡನ್ನೂ ಕರಗಿಸಿ ತೂಗಿದೆ. ನೀನು ಅರ್ಧ ಉಜ್ಜಿದ ಮೇಲೂ ಅರವತ್ತಮೂರು ಮಿಲಿಗ್ರಾಂ ಇತ್ತು. ಅದು ಈ ಪುಟ್ಟ ಶೀಸೆಯಲ್ಲಿದೆ, ನಿನಗೆ. ಯಾವ ವರದಿಗೂ ಸೇರದ ಎಣ್ಣೆ. ಬೋಗುಣಿಯನ್ನೂ ಕಳಿಸಿದ್ದೇನೆ.

ನಿನ್ನ ತಮ್ಮ

ಏಪ್ರಿಲ್ 10, ಗುರುವಾರ
ಕೊಳದ ಶೆಡ್ಡು

ನನ್ನ ಬಂಗಾರ,

ಮೂರನೇ ಕೊಳಕ್ಕೆ 'ಹೂಂ' ಅಂತ ಹೇಳು. ನೀನು ಫೋನಿನಲ್ಲಿ ಹೇಳುವ ಹಾಗೆ ಸಪ್ಪಗೆ ಅಲ್ಲ, ಗಟ್ಟಿಯಾಗಿ ಹೇಳು. ಆದರೆ ಗೊಬ್ಬರ ನಿಲ್ಲಿಸುವುದು ನಾನು ಹೇಳಿದ ದಿನ. ಯಾಕೆ ಅಂತ ಕೇಳಿದರೆ ಬಂದು ನೋಡಲಿ, ತೋರಿಸಿ ಹೇಳುತ್ತೇನೆ. ಇನ್ನು ಮೇಲೆ ಇಬ್ಬರೂ ಯಾಕೆ ಅಂತ ಹೇಳಿಕೊಂಡೇ ಕೆಲಸ ಮಾಡೋಣ. ಏನಾದರೂ ಒಡೆದರೆ, ಚೆಲ್ಲಿದರೆ, ಅವತ್ತೇ ಬರೆಯುತ್ತೇನೆ. ಇದೋ, ಈ ವಾರ ಒಂದು ಲೋಟ ಒಡೆದೆ. ಬರೆದಿದ್ದೇನೆ ನೋಡು.

ಕಟ್ಟಿದ ಸಾಮಾನು ಬಿಚ್ಚಿದೆ. ಸಿಹಿನೀರಿನಲ್ಲಿ ತಲೆ ತುಂಬ ಸ್ನಾನ ಮಾಡಿದೆ. ತುರಿಕೆ ಹೋಯಿತು, ಉಳಿದ ಮುಲಾಮು ವ್ಯಾನಿನವನಿಗೆ ಕೊಟ್ಟೆ. ಇಪ್ಪತ್ತೆಂಟು ಪಾಯಿಂಟ್ ಒಂಬತ್ತನ್ನು ಅವನಿಗೆ ಹೇಳಲಿಲ್ಲ. ಅವನೇ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ.

ಶೀಸೆಯನ್ನು ಕಿಟಕಿಯಲ್ಲಿಟ್ಟಿದ್ದೇನೆ. ಬಿಸಿಲು ಬೀಳದ ಕಡೆ, ಹೆದರಬೇಡ. ಐದು ವಾರದ ನನ್ನ ತಪ್ಪು ಅಷ್ಟು ಚಿಕ್ಕ ಶೀಸೆಯಲ್ಲಿ ಕೂತಿದೆ. ನೋಡಿದರೆ ಅಳು ಬರಬೇಕಿತ್ತು, ನಗು ಬರುತ್ತಿದೆ.

ಬೋಗುಣಿಯೂ ಬಂತು. ನೀನೇ ಕೈಯಾರೆ ತೊಳೆದೆಯಂತೆ, ವ್ಯಾನಿನವನು ಹೇಳಿದ. ಮುಖ ಕಾಣುವ ಹಾಗೆ ಹೊಳೆಯುತ್ತಿದೆ. ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ಮಗುಚಿ ಹಾಕಿ, ಅಂಚು ಒಳಕ್ಕೆ ಮಡಿಸಿಕೊಂಡಿರುತ್ತದಲ್ಲ, ಯಾರೂ ನೋಡದ ಆ ಸಂದಿಯಲ್ಲಿ ಸುತ್ತಲೂ ಬೆರಳಾಡಿಸಿ ನೋಡಿದೆ.

ಅಲ್ಲೂ ತೊಳೆದಿದ್ದೀಯ ಕಣೋ.

ಅಕ್ಕ